ತೆಳುಗಾಳಿಯಲ್ಲಿ ಟೇಕಾಫ್: ಓದುಗರ ಪ್ರಶ್ನೆಗಳಿಗೆ ಉತ್ತರ

ಸಣ್ಣ ವಿಮಾನಗಳ ಬಗ್ಗೆ ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಎತ್ತರದ ಮೈದಾನ, ಬಿಸಿಲು ಮತ್ತು ಟೇಕಾಫ್ ಇವುಗಳನ್ನೇ ಕುರಿತಿದ್ದುದರಿಂದ ಇಡೀ ಅಂಕಣವನ್ನು ಆ ವಿಷಯಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನಾನು ವಿಮಾನ ಚಾಲನೆಯ ತರಬೇತಿಯಲ್ಲಿದ್ದೇನೆ. ಸಮುದ್ರಮಟ್ಟಕ್ಕೆ ಹತ್ತಿರವಿರುವ ಮೈದಾನದಲ್ಲಿಯೇ ಹಾರಿ ಅಭ್ಯಾಸವಿದ್ದ ನಾನು ಈಚೆಗೆ 5,000 ಅಡಿ ಎತ್ತರದ ಮೈದಾನವೊಂದರಿಂದ, ಮಧ್ಯಾಹ್ನ 35 ಡಿಗ್ರಿ ಸೆಲ್ಸಿಯಸ್ ತಾಪಮಾನವಿದ್ದಾಗ, ಬೋಧಕರೊಂದಿಗೆ ಟೇಕಾಫ್ ಮಾಡಿದೆ. ವಿಮಾನದ ಮಾದರಿ ಅದೇ, ತೂಕವೂ ಅಷ್ಟೇ, ವೇಗಮಾಪಕದಲ್ಲಿ ಮೂಗು ಎತ್ತಿದ್ದೂ ಅದೇ 55 ನಾಟ್‌ಗೆ (ಗಂಟೆಗೆ ಸುಮಾರು 102 ಕಿಲೋಮೀಟರ್). ಆದರೂ ರನ್‌ವೇ ಮುಗಿಯುತ್ತ ಬಂದರೂ ವಿಮಾನ ಮೇಲೇಳುವಂತೆ ಕಾಣಲಿಲ್ಲ; ಎದ್ದ ಮೇಲೂ ಏರಿಕೆ ಬಹಳ ನಿಧಾನವಾಗಿತ್ತು. ಇಷ್ಟೊಂದು ವ್ಯತ್ಯಾಸ ಹೇಗೆ?

ಉತ್ತರ: ಮೈದಾನದ ಫಲಕದಲ್ಲಿ 5,000 ಅಡಿ ಎಂದು ಬರೆದಿರುತ್ತದೆ, ಆದರೆ ವಿಮಾನಕ್ಕೆ ಆ ಫಲಕದ ಲೆಕ್ಕ ತಿಳಿಯದು. ರೆಕ್ಕೆ, ಪ್ರೊಪೆಲ್ಲರ್, ಎಂಜಿನ್ ಈ ಮೂರಕ್ಕೂ ಗೊತ್ತಾಗುವುದು ತಮ್ಮ ಪಾಲಿಗೆ ಬರುವ ಗಾಳಿ ಎಷ್ಟು ದಟ್ಟವಾಗಿದೆ ಎಂಬುದು ಮಾತ್ರ. ಆ ದಟ್ಟಣೆಯನ್ನು ಅಡಿಗಳಲ್ಲಿ ಹೇಳುವ ಕ್ರಮವೇ ಸಾಂದ್ರತಾ ಎತ್ತರ, ಪೈಲಟ್‌ಗಳ ಬಾಯಲ್ಲಿ ಡೆನ್ಸಿಟಿ ಆಲ್ಟಿಟ್ಯೂಡ್. ಈ ಹೊತ್ತು ಇಲ್ಲಿರುವ ಗಾಳಿಯ ಸಾಂದ್ರತೆಯು ಪ್ರಮಾಣಿತ ವಾಯುಮಂಡಲದಲ್ಲಿ ಯಾವ ಎತ್ತರದಲ್ಲಿ ಸಿಗುತ್ತದೋ ಆ ಎತ್ತರವನ್ನು ಅದು ಸೂಚಿಸುತ್ತದೆ.

ಪ್ರಮಾಣಿತ ವಾಯುಮಂಡಲದ ಲೆಕ್ಕದಲ್ಲಿ ಸಮುದ್ರಮಟ್ಟದ ತಾಪಮಾನ 15 ಡಿಗ್ರಿ, ಒತ್ತಡ 1013.25 ಹೆಕ್ಟೊಪಾಸ್ಕಲ್, ಗಾಳಿಯ ಸಾಂದ್ರತೆ ಘನ ಮೀಟರಿಗೆ 1.225 ಕಿಲೋಗ್ರಾಂ; ಮೇಲೇರಿದಂತೆ ಪ್ರತಿ 1,000 ಅಡಿಗೆ ತಾಪಮಾನ ಸುಮಾರು 2 ಡಿಗ್ರಿ ಇಳಿಯುತ್ತದೆ. ಹಾಗಾದರೆ 5,000 ಅಡಿಯಲ್ಲಿ ಇರಬೇಕಾದ ತಾಪಮಾನ 5 ಡಿಗ್ರಿ. ನೀವು ಹಾರಿದ ದಿನ 35 ಇತ್ತು, ಅಂದರೆ 30 ಡಿಗ್ರಿ ಹೆಚ್ಚು. ಪ್ರತಿ ಹೆಚ್ಚುವರಿ ಡಿಗ್ರಿಗೆ 120 ಅಡಿ ಕೂಡಿಸಬೇಕೆಂಬುದು ಪೈಲಟ್‌ಗಳು ಮನಸ್ಸಿನಲ್ಲೇ ಹಾಕಿಕೊಳ್ಳುವ ಲೆಕ್ಕ. 30 ಡಿಗ್ರಿಗೆ 3,600 ಅಡಿ ಆಯಿತು. ಒತ್ತಡ ಪ್ರಮಾಣಿತವಾಗಿತ್ತೆಂದು ಇಟ್ಟುಕೊಂಡರೆ ನಿಮ್ಮ ವಿಮಾನ ಆ ಮಧ್ಯಾಹ್ನ ಇದ್ದದ್ದು 8,600 ಅಡಿಯ ಗಾಳಿಯಲ್ಲಿ. ಸೂಕ್ಷ್ಮವಾಗಿ ಲೆಕ್ಕ ಹಾಕಿದರೆ ಈ ಸಂಖ್ಯೆ ಇನ್ನೂರು ಮುನ್ನೂರು ಅಡಿ ಕಡಿಮೆ ಬರುತ್ತದೆ; ಸುಲಭ ಸೂತ್ರ ತಪ್ಪುವುದಾದರೂ ಸುರಕ್ಷತೆಯ ಕಡೆಗೇ ತಪ್ಪುತ್ತದೆ ಎಂಬ ಕಾರಣಕ್ಕೆ ನನಗೆ ಅದರ ಮೇಲೆ ವಿಶ್ವಾಸವಿದೆ. ಅದೇ ಮೈದಾನದಲ್ಲಿ ಬೆಳಗಿನ ಜಾವ 12 ಡಿಗ್ರಿ ಇದ್ದಿದ್ದರೆ ಸಾಂದ್ರತಾ ಎತ್ತರ 5,840 ಅಡಿ ಆಗುತ್ತಿತ್ತು. ಬೆಳಗಿಗೂ ಮಧ್ಯಾಹ್ನಕ್ಕೂ ನಡುವೆ ಆ ಮೈದಾನ 2,700 ಅಡಿಗೂ ಹೆಚ್ಚು ಮೇಲಕ್ಕೆ ಹೋದಂತಾಯಿತು.

ಈಗ ನಿಮಗಾದ ನಷ್ಟಗಳನ್ನು ನೋಡೋಣ. ಆ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಪ್ರಮಾಣಿತ ಸಾಂದ್ರತೆಯ ಸುಮಾರು ಶೇಕಡ 78ರಷ್ಟು. ಟರ್ಬೊಚಾರ್ಜರ್ (ಗಾಳಿಯನ್ನು ಒತ್ತಿ ಎಂಜಿನ್‌ಗೆ ತುಂಬುವ ಸಾಧನ) ಇಲ್ಲದ ಎಂಜಿನ್ ಪ್ರತಿ ಸುತ್ತಿನಲ್ಲೂ ಅಷ್ಟೇ ಗಾತ್ರದ ಗಾಳಿಯನ್ನು ಒಳಗೆಳೆಯುತ್ತದೆ. ಗಾಳಿ ತೆಳುವಾದಾಗ ಅದರಲ್ಲಿರುವ ಆಮ್ಲಜನಕ ಕಡಿಮೆ, ಸುಡಬಹುದಾದ ಇಂಧನವೂ ಕಡಿಮೆ. ಎಂಜಿನ್‌ನ ಒಳಗಿನ ಘರ್ಷಣೆಯಾದರೋ ಕಡಿಮೆಯಾಗುವುದಿಲ್ಲವಾದ್ದರಿಂದ ಶಕ್ತಿಯು ಸಾಂದ್ರತೆಗಿಂತ ಸ್ವಲ್ಪ ಹೆಚ್ಚೇ ಕುಸಿಯುತ್ತದೆ: ನಿಮ್ಮ ಉದಾಹರಣೆಯಲ್ಲಿ ಉಳಿದದ್ದು ಮುಕ್ಕಾಲು ಭಾಗ. 160 ಅಶ್ವಶಕ್ತಿಯ ಎಂಜಿನ್ ಎಂದು ಹೇಳಿಕೊಂಡು ಹೊರಟವರ ಕೈಯಲ್ಲಿ ನಿಜಕ್ಕೂ ಇದ್ದದ್ದು 120. ಆ ಉಳಿದ ಶಕ್ತಿಯನ್ನು ನೂಕುಬಲವಾಗಿ ಮಾರ್ಪಡಿಸಬೇಕಾದ ಪ್ರೊಪೆಲ್ಲರ್‌ಗೂ ಹಿಂದಕ್ಕೆ ತಳ್ಳಲು ಸಿಗುವುದು ಇದೇ ತೆಳುಗಾಳಿ. ಎರಡೂ ಸೇರಿ ವೇಗೋತ್ಕರ್ಷ ಸುಮಾರು ಕಾಲು ಭಾಗ ಇಳಿಯುತ್ತದೆ.

ಮೂರನೆಯ ನಷ್ಟ ನಿಮ್ಮ ಕಣ್ಣಿಗೆ ಬೀಳದಿದ್ದುದು, ಅದಕ್ಕೇ ನಿಮಗೆ ಅಚ್ಚರಿಯಾದದ್ದು. ವೇಗಮಾಪಕವು ಅಳೆಯುವುದು ಎದುರುಗಾಳಿಯ ಹೊಡೆತದ ಒತ್ತಡವನ್ನು. ರೆಕ್ಕೆಯ ಎತ್ತುಬಲವೂ ಅದೇ ಒತ್ತಡವನ್ನು ಅವಲಂಬಿಸಿದೆ. ಆದ್ದರಿಂದ 55 ನಾಟ್ ತೋರಿದಾಗ ವಿಮಾನ ಮೇಲೇಳುವ ಮಾತು ಎಲ್ಲ ಎತ್ತರದಲ್ಲೂ ನಿಜ. ಆದರೆ ತೆಳುಗಾಳಿಯಲ್ಲಿ ಅಷ್ಟು ಒತ್ತಡ ಹುಟ್ಟಬೇಕಾದರೆ ವಿಮಾನ ನಿಜವಾಗಿ ಹೆಚ್ಚು ವೇಗದಲ್ಲಿ ಓಡಿರಬೇಕು. ಮುಳ್ಳು 55 ತೋರಿಸುತ್ತಿದ್ದಾಗ ನಿಮ್ಮ ಚಕ್ರಗಳು 62 ನಾಟ್ ವೇಗದಲ್ಲಿ ಉರುಳುತ್ತಿದ್ದವು. ಓಟದ ದೂರವು ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುವುದರಿಂದ ಈ ಒಂದೇ ಕಾರಣಕ್ಕೆ ದೂರ ಶೇಕಡ 28ರಷ್ಟು ಹೆಚ್ಚುತ್ತದೆ. ಹೆಚ್ಚಿದ ಈ ವೇಗವನ್ನು ಕಾಲು ಭಾಗ ಕುಂದಿದ ವೇಗೋತ್ಕರ್ಷದಿಂದ ಗಳಿಸಬೇಕಾಗಿ ಬಂದಾಗ ನೆಲದ ಓಟ ಸಮುದ್ರಮಟ್ಟದ 1.7 ಪಟ್ಟನ್ನು ಮೀರುತ್ತದೆ. ನೆಲ ಬಿಟ್ಟು 50 ಅಡಿ ಮೇಲೇರುವವರೆಗಿನ ಒಟ್ಟು ದೂರವಂತೂ ಎರಡು ಪಟ್ಟಿಗಿಂತ ಹೆಚ್ಚಾಗುತ್ತದೆ. ರನ್‌ವೇ ಮುಗಿಯುತ್ತ ಬಂದರೂ ವಿಮಾನ ಏಳದೆಂಬಂತೆ ನಿಮಗೆ ಅನ್ನಿಸಿದ್ದರಲ್ಲಿ ಭ್ರಮೆ ಏನೂ ಇರಲಿಲ್ಲ.

ಪ್ರಶ್ನೆ: ಹಾಗಿದ್ದರೆ ಎತ್ತರದ ಮೈದಾನದಲ್ಲಿ ಮೂಗು ಎತ್ತುವ ವೇಗಕ್ಕೆ ಐದೋ ಹತ್ತೋ ನಾಟ್ ಸೇರಿಸಿಕೊಳ್ಳಬೇಕೇ?

ಉತ್ತರ: ಬೇಡ. ಮೇಲೆ ಹೇಳಿದ ಕಾರಣದಿಂದ ವೇಗಮಾಪಕವೇ ಆ ತಿದ್ದುಪಡಿಯನ್ನು ಮಾಡಿಕೊಟ್ಟಿರುತ್ತದೆ. ಅದರ ಮೇಲೆ ಇನ್ನಷ್ಟು ಸೇರಿಸಿದರೆ ಈಗಾಗಲೇ ಸಾಲದಾಗಿರುವ ರನ್‌ವೇಯನ್ನು ಮತ್ತಷ್ಟು ಕಳೆದುಕೊಳ್ಳುತ್ತೀರಿ. ನಿಜವಾದ ಅಪಾಯ ಇದಕ್ಕೆ ವಿರುದ್ಧ ದಿಕ್ಕಿನಲ್ಲಿದೆ. ಪಕ್ಕದ ಹುಲ್ಲು, ದೀಪಗಳು ರೂಢಿಗಿಂತ ವೇಗವಾಗಿ ಹಿಂದೆ ಸರಿಯುವುದನ್ನು ಕಂಡ ಕಣ್ಣು ‘ವೇಗ ಸಾಕಾಯಿತು’ ಎಂದು ಹೇಳುತ್ತದೆ, ರನ್‌ವೇಯ ಕೊನೆ ಹತ್ತಿರವಾಗುವುದನ್ನು ಕಂಡ ಕೈ ಹಿಡಿಕೆಯನ್ನು ಎಳೆಯುತ್ತದೆ, ಮುಳ್ಳು ಮಾತ್ರ ಇನ್ನೂ 48ರಲ್ಲಿರುತ್ತದೆ. ಆ ಹೊತ್ತಿನಲ್ಲಿ ಕಣ್ಣನ್ನು ನಂಬಬಾರದು, ಮುಳ್ಳನ್ನು ನಂಬಬೇಕು.

ಪ್ರಶ್ನೆ: ವಿಮಾನ ನೆಲ ಬಿಟ್ಟು ಎದ್ದ ಮೇಲೂ ಏರಲಾರದೆ ಮರಗಳಿಗೆ ಬಡಿದ ಅಪಘಾತಗಳ ಬಗ್ಗೆ ಓದಿದ್ದೇನೆ. ಒಮ್ಮೆ ಹಾರಿದ ವಿಮಾನ ಏರಲಾರದೇ ಹೋಗುವುದು ಹೇಗೆ ಸಾಧ್ಯ?

ಉತ್ತರ: ಈ ಪ್ರಶ್ನೆಯನ್ನು ಕೇಳಿದ್ದಕ್ಕೆ ನಿಮಗೆ ಕೃತಜ್ಞ. ಎದ್ದರೆ ಸಾಕು, ಮುಂದಿನದು ತಾನಾಗಿ ಆಗುತ್ತದೆ ಎಂಬ ನಂಬಿಕೆಯೇ ಇಂಥ ಬಹಳಷ್ಟು ಅಪಘಾತಗಳ ಮೂಲದಲ್ಲಿದೆ ಎಂಬುದು ನನ್ನ ಅಭಿಪ್ರಾಯ.

ನೆಲಕ್ಕೆ ತೀರ ಹತ್ತಿರದಲ್ಲಿ, ಅಂದರೆ ರೆಕ್ಕೆಗಳ ಒಟ್ಟು ಅಗಲಕ್ಕಿಂತ ಕಡಿಮೆ ಎತ್ತರದಲ್ಲಿ ಹಾರುವಾಗ, ರೆಕ್ಕೆಯ ತುದಿಗಳಲ್ಲಿ ಸುತ್ತುವ ಗಾಳಿಗೆ ನೆಲ ಅಡ್ಡ ಬರುತ್ತದೆ. ಇದರಿಂದ ಎತ್ತುಬಲದ ಜೊತೆಗೇ ಹುಟ್ಟುವ ಎಳೆತ ಬಹಳ ಕಡಿಮೆಯಾಗುತ್ತದೆ. ಪೈಲಟ್‌ಗಳು ಇದನ್ನು ಗ್ರೌಂಡ್ ಎಫೆಕ್ಟ್ ಎನ್ನುತ್ತಾರೆ. ಹೆಚ್ಚುವರಿ ಶಕ್ತಿ ಇಲ್ಲದ ವಿಮಾನವೂ ಈ ಆಸರೆಯಲ್ಲಿ ನೆಲ ಬಿಟ್ಟು ಏಳಬಲ್ಲದು. ಕೆಲವು ಮೀಟರ್ ಮೇಲೇರಿ ಆಸರೆ ತಪ್ಪಿದೊಡನೆ ಎಳೆತ ತನ್ನ ಪೂರ್ಣ ಪ್ರಮಾಣಕ್ಕೆ ಮರಳುತ್ತದೆ, ಏರಲು ಶಕ್ತಿ ಉಳಿದಿರುವುದಿಲ್ಲ, ಮೂಗನ್ನು ಇನ್ನೂ ಎತ್ತಿದರೆ ವೇಗ ಕುಸಿದು ಸ್ಟಾಲ್ ಆಗುತ್ತದೆ, ಅಂದರೆ ರೆಕ್ಕೆ ತನ್ನ ಎತ್ತುಬಲವನ್ನು ಕಳೆದುಕೊಳ್ಳುತ್ತದೆ. ಅಷ್ಟರಲ್ಲಿ ರನ್‌ವೇ ಹಿಂದೆ ಉಳಿದಿರುತ್ತದೆ.

ಏರಿಕೆಯನ್ನು ಒಂದು ಮನೆಯ ಉಳಿತಾಯಕ್ಕೆ ಹೋಲಿಸಬಹುದು. ಎಂಜಿನ್ ಮತ್ತು ಪ್ರೊಪೆಲ್ಲರ್ ಕೊಡುವ ಶಕ್ತಿ ಆದಾಯ. ಸಮಮಟ್ಟದಲ್ಲಿ ಹಾರಲು ಬೇಕಾಗುವ ಶಕ್ತಿ ಖರ್ಚು. ಉಳಿದದ್ದರಿಂದ ಮಾತ್ರ ವಿಮಾನ ಏರುತ್ತದೆ. ಸಣ್ಣ ವಿಮಾನಗಳಲ್ಲಿ ಆದಾಯದ ಅರ್ಧದಷ್ಟು ಖರ್ಚಿಗೇ ಹೋಗುವುದರಿಂದ, ಆದಾಯ ಕಾಲು ಭಾಗ ಇಳಿದು, ನಿಜವೇಗ ಹೆಚ್ಚಿದ್ದರಿಂದ ಖರ್ಚು ತುಸು ಏರಿತೆಂದರೆ ಉಳಿತಾಯ ಅರ್ಧಕ್ಕಿಂತ ಕೆಳಗೆ ಬಂದುಬಿಡುತ್ತದೆ.

ಉದಾಹರಣೆಗೆ 160 ಅಶ್ವಶಕ್ತಿಯ ಸೆಸ್ನಾ 172ಎನ್ ವಿಮಾನವನ್ನು ತೆಗೆದುಕೊಳ್ಳೋಣ. ಪೂರ್ಣ ತೂಕದಲ್ಲಿ, ಪ್ರಮಾಣಿತ ದಿನದಂದು, ಸಮುದ್ರಮಟ್ಟದಲ್ಲಿ ಅದರ ಏರಿಕೆಯ ದರ ನಿಮಿಷಕ್ಕೆ 770 ಅಡಿ. ಅದರ ಸರ್ವಿಸ್ ಸೀಲಿಂಗ್, ಅಂದರೆ ಏರಿಕೆ ನಿಮಿಷಕ್ಕೆ 100 ಅಡಿಗೆ ಇಳಿಯುವ ಎತ್ತರ, 14,200 ಅಡಿ. ಇವೆರಡರ ನಡುವೆ ಏರಿಕೆ ಹೆಚ್ಚುಕಡಿಮೆ ಸರಳರೇಖೆಯಂತೆ ಇಳಿಯುವುದರಿಂದ, ಸಾಂದ್ರತಾ ಎತ್ತರ 8,600 ಅಡಿ ಇದ್ದಾಗ ಉಳಿಯುವುದು ನಿಮಿಷಕ್ಕೆ ಸುಮಾರು 360 ಅಡಿ. ಅಮೆರಿಕದ ಕೊಲರಾಡೊದಲ್ಲಿರುವ ಲೆಡ್‌ವಿಲ್ ವಿಮಾನ ನಿಲ್ದಾಣ 9,934 ಅಡಿ ಎತ್ತರದಲ್ಲಿದ್ದು, ಉತ್ತರ ಅಮೆರಿಕದಲ್ಲಿ ಸಾರ್ವಜನಿಕ ಬಳಕೆಯಲ್ಲಿರುವ ನಿಲ್ದಾಣಗಳಲ್ಲಿ ಅತ್ಯಂತ ಎತ್ತರದ್ದು. ಅಲ್ಲಿ 20 ಡಿಗ್ರಿ ಎಂದರೆ ಹಿತವಾದ ಹವೆ, ಯಾರಿಗೂ ಸೆಕೆ ಎನಿಸುವುದಿಲ್ಲ. ಆದರೆ ಸಾಂದ್ರತಾ ಎತ್ತರ 12,900 ಅಡಿಯ ಆಸುಪಾಸು; ಇದೇ ವಿಮಾನದ ಪೂರ್ಣ ತೂಕದ ಏರಿಕೆ ಆಗ ನಿಮಿಷಕ್ಕೆ 160 ಅಡಿ ಇದ್ದರೆ ಹೆಚ್ಚು. ಪರ್ವತದ ಮಗ್ಗುಲಲ್ಲಿ ನಿಮಿಷಕ್ಕೆ 200 ಅಡಿ ವೇಗದಲ್ಲಿ ಕೆಳಗಿಳಿಯುವ ಗಾಳಿ ಸಾಮಾನ್ಯ ಸಂಗತಿ, ಮತ್ತು ಅಷ್ಟು ಗಾಳಿಯೇ ಆ ಏರಿಕೆಯನ್ನು ಪೂರ್ತಿ ನುಂಗಿಬಿಡುತ್ತದೆ.

ಇನ್ನೊಂದು ಸಂಗತಿಯನ್ನು ನಾನು ಒತ್ತಿ ಹೇಳಬೇಕು. ನಿಮಿಷಕ್ಕೆ ಎಷ್ಟು ಅಡಿ ಎಂಬ ದರವನ್ನೇ ನೋಡುವ ಅಭ್ಯಾಸ ನಮ್ಮಲ್ಲಿದೆ, ಆದರೆ ಎದುರಿನ ಮರ ಎಷ್ಟು ನಿಮಿಷ ದೂರದಲ್ಲಿದೆ ಎಂಬುದಕ್ಕಿಂತ ಎಷ್ಟು ದೂರದಲ್ಲಿದೆ ಎಂಬುದು ಮುಖ್ಯ. ಸಮುದ್ರಮಟ್ಟದಲ್ಲಿ 73 ನಾಟ್ ವೇಗದಲ್ಲಿ 770 ಅಡಿ ದರದಿಂದ ಏರುವ ವಿಮಾನ ಒಂದು ನಾಟಿಕಲ್ ಮೈಲಿ ಸಾಗುವಷ್ಟರಲ್ಲಿ 630 ಅಡಿ ಮೇಲೇರುತ್ತದೆ. 8,600 ಅಡಿಯ ಗಾಳಿಯಲ್ಲಿ ಮುಳ್ಳು 70 ತೋರಿದಾಗ ನಿಜವೇಗ 80 ನಾಟ್‌ಗೆ ಹತ್ತಿರವಿರುತ್ತದೆ. 360 ಅಡಿ ದರದಲ್ಲಿ ಅದೇ ಒಂದು ಮೈಲಿಗೆ ಏರುವುದು ಸುಮಾರು 270 ಅಡಿ. ದರ ಅರ್ಧಕ್ಕಿಂತ ಕಡಿಮೆಯಾದರೆ ಏರಿಕೆಯ ಕೋನ ಅದಕ್ಕಿಂತಲೂ ಹೆಚ್ಚು ಚಪ್ಪಟೆಯಾಗುತ್ತದೆ. ಎದುರಿಗೆ ಏರುವ ನೆಲವಿದ್ದರೆ, ಮರವಿದ್ದರೆ, ತಂತಿ ಇದ್ದರೆ, ಲೆಕ್ಕ ಹಾಕಬೇಕಾದದ್ದು ಈ ಎರಡನೆಯ ಸಂಖ್ಯೆಯನ್ನು.

2012ರ ಜೂನ್ ಕೊನೆಯಲ್ಲಿ ಅಮೆರಿಕದ ಐಡಾಹೊ ರಾಜ್ಯದ ಬ್ರೂಸ್ ಮೆಡೋಸ್ ಎಂಬ ಬೆಟ್ಟದ ಮೈದಾನದಿಂದ ನಾಲ್ವರನ್ನು ಹೊತ್ತು ಹೊರಟ ಸ್ಟಿನ್ಸನ್ ವಿಮಾನವೊಂದು ಬಹಳ ದೂರ ಓಡಿ ಹೇಗೋ ಎದ್ದಿತು, ಮರಗಳ ಮೇಲ್ತುದಿಯನ್ನು ಸವರುವಷ್ಟೇ ಎತ್ತರದಲ್ಲಿ ಕೆಲಹೊತ್ತು ಹಾರಿತು, ಕಡೆಗೆ ಕಾಡಿನೊಳಗೆ ಬಿದ್ದಿತು. ನಾಲ್ವರೂ ಬದುಕುಳಿದರು. ವಿಮಾನದೊಳಗಿದ್ದ ಕ್ಯಾಮೆರಾದಲ್ಲಿ ಎಲ್ಲವೂ ದಾಖಲಾಗಿತ್ತು. ಆ ದೃಶ್ಯದಲ್ಲಿ ನನ್ನನ್ನು ಕಲಕುವುದು ಬೀಳುವ ಕ್ಷಣಕ್ಕಿಂತ ಅದಕ್ಕೂ ಮುಂಚಿನ ಹೊತ್ತು: ಎಂಜಿನ್ ಸರಿಯಾಗಿಯೇ ಓಡುತ್ತಿದೆ, ಏನೂ ಮುರಿದಿಲ್ಲ, ಆದರೂ ವಿಮಾನ ಏರುತ್ತಿಲ್ಲ.

ಪ್ರಶ್ನೆ: ಟೇಕಾಫ್ ಎಂದರೆ ಮಿಕ್ಸ್ಚರ್ ಹಿಡಿಕೆಯನ್ನು (ಎಂಜಿನ್‌ಗೆ ಹೋಗುವ ಗಾಳಿಯಲ್ಲಿ ಇಂಧನದ ಪಾಲನ್ನು ಹೊಂದಿಸುವ ಹಿಡಿಕೆ) ಪೂರ್ತಿ ಮುಂದಕ್ಕೆ ತಳ್ಳಬೇಕೆಂದು ನನಗೆ ಕಲಿಸಲಾಗಿದೆ. ಎತ್ತರದ ಮೈದಾನಗಳಲ್ಲಿ ಹಾಗೆ ಮಾಡಬಾರದೆಂದು ಈಗ ಇನ್ನೊಬ್ಬರು ಹೇಳುತ್ತಾರೆ. ಯಾರ ಮಾತು ಸರಿ?

ಉತ್ತರ: ತಗ್ಗಿನ ಮೈದಾನಕ್ಕೆ ನೀವು ಕಲಿತದ್ದು ಸರಿ, ಎತ್ತರಕ್ಕೆ ಎರಡನೆಯವರ ಮಾತು ಸರಿ. ಹಿಡಿಕೆ ಪೂರ್ತಿ ಮುಂದಿದ್ದಾಗ ಕಾರ್ಬ್ಯುರೇಟರ್ ಕೊಡುವ ಇಂಧನ ಸಮುದ್ರಮಟ್ಟದ ದಟ್ಟ ಗಾಳಿಗೆ ಹೊಂದುವಂಥದ್ದು. ಗಾಳಿ ತೆಳುವಾದಾಗ ಇಂಧನದ ಪಾಲು ಅತಿಯಾಗಿ, ಎಂಜಿನ್ ಒರಟಾಗಿ ಓಡುತ್ತದೆ, ಸ್ಪಾರ್ಕ್ ಪ್ಲಗ್‌ಗಳಿಗೆ ಮಸಿ ಹಿಡಿಯುತ್ತದೆ, ಮೊದಲೇ ಕುಂದಿರುವ ಶಕ್ತಿ ಇನ್ನಷ್ಟು ಕುಂದುತ್ತದೆ. ಮೇಲೆ ಹೆಸರಿಸಿದ ಸೆಸ್ನಾದ ಕೈಪಿಡಿಯು 3,000 ಅಡಿಗಿಂತ ಎತ್ತರದ ಮೈದಾನಗಳಲ್ಲಿ ವಿಮಾನವನ್ನು ನಿಲ್ಲಿಸಿಕೊಂಡು, ಥ್ರಾಟಲ್ (ಎಂಜಿನ್‌ನ ಶಕ್ತಿಯನ್ನು ಹೆಚ್ಚುಕಡಿಮೆ ಮಾಡುವ ಹಿಡಿಕೆ) ಪೂರ್ತಿ ಕೊಟ್ಟು, ಸುತ್ತುಗಳ ಸಂಖ್ಯೆ ಅತ್ಯಧಿಕವಾಗುವವರೆಗೆ ಮಿಕ್ಸ್ಚರ್ ಅನ್ನು ಹಿಂದಕ್ಕೆ ಎಳೆಯಬೇಕೆಂದು ಹೇಳುತ್ತದೆ. ನಿಮ್ಮ ವಿಮಾನದ ಕೈಪಿಡಿಯಲ್ಲಿ ಇದಕ್ಕೆ ಬೇರೆ ವಿಧಾನವಿದ್ದರೆ ಅದನ್ನೇ ಅನುಸರಿಸಿ. ಟರ್ಬೊಚಾರ್ಜರ್ ಇರುವ ಎಂಜಿನ್‌ಗಳಿಗೆ ಸಾಮಾನ್ಯವಾಗಿ ಈ ಮಾತು ಅನ್ವಯಿಸುವುದಿಲ್ಲ. ತೆಳುಗಾಳಿಯಿಂದಾದ ನಷ್ಟಗಳಲ್ಲಿ ಪೈಲಟ್ ತನ್ನ ಕೈಯಿಂದಲೇ ತಡೆಯಬಹುದಾದದ್ದು ಇದೊಂದೇ, ಅದಕ್ಕೆ ಬೇಕಾದದ್ದು ಅರ್ಧ ನಿಮಿಷ. ಅದನ್ನು ಬಿಟ್ಟುಕೊಡುವುದಕ್ಕೆ ಯಾವ ಕಾರಣವೂ ನನಗೆ ಕಾಣುವುದಿಲ್ಲ. ತಗ್ಗಿನ ಮೈದಾನದಲ್ಲಿ ಇಳಿಯಲು ಹೊರಟಾಗ ಮಿಕ್ಸ್ಚರ್ ಅನ್ನು ಮತ್ತೆ ಮುಂದಕ್ಕೆ ತರಲು ಮರೆಯಬಾರದು.

ಪ್ರಶ್ನೆ: ಟರ್ಬೊಚಾರ್ಜರ್ ಇದ್ದರೆ ಈ ಚಿಂತೆಯೇ ಇರುವುದಿಲ್ಲವಲ್ಲವೇ?

ಉತ್ತರ: ಮೂರು ನಷ್ಟಗಳಲ್ಲಿ ಒಂದು ಮಾತ್ರ ತಪ್ಪುತ್ತದೆ. ಟರ್ಬೊಚಾರ್ಜರ್ ಒಂದು ನಿರ್ದಿಷ್ಟ ಎತ್ತರದವರೆಗೆ ಎಂಜಿನ್‌ಗೆ ಸಮುದ್ರಮಟ್ಟದ ಒತ್ತಡದ ಗಾಳಿಯನ್ನೇ ಉಣಿಸುತ್ತದೆ, ಆದರೆ ಪ್ರೊಪೆಲ್ಲರ್‌ಗೂ ರೆಕ್ಕೆಗೂ ಸಿಗುವುದು ಹೊರಗಿನ ತೆಳುಗಾಳಿಯೇ. ನಿಜವೇಗ ಹೆಚ್ಚಾಗಿಯೇ ಇರುತ್ತದೆ, ಓಟವೂ ಉದ್ದವಾಗುತ್ತದೆ, ಟೇಕಾಫ್ ಕೈಬಿಟ್ಟರೆ ನಿಲ್ಲಲು ಬೇಕಾಗುವ ದೂರವೂ ಹಾಗೆಯೇ. ಏರಿಕೆ ಮಾತ್ರ ಬಹಳ ಉತ್ತಮವಾಗಿರುತ್ತದೆ.

ಪ್ರಶ್ನೆ: ಕೈಪಿಡಿಯ ಕೋಷ್ಟಕದಲ್ಲಿ ಕೊಟ್ಟ ದೂರ ರನ್‌ವೇಯ ಉದ್ದಕ್ಕಿಂತ ಕಡಿಮೆ ಇದ್ದರೆ ಹೊರಡಬಹುದೇ? ಆ ಅಂಕಿಗಳನ್ನು ಎಷ್ಟರಮಟ್ಟಿಗೆ ನಂಬಬೇಕು?

ಉತ್ತರ: ಕೋಷ್ಟಕದ ಅಂಕಿಗಳು ಸುಳ್ಳಲ್ಲ. ಆದರೆ ಅವು ಹೊಸ ವಿಮಾನ, ಚೆನ್ನಾಗಿ ಪಳಗಿದ ಪೈಲಟ್, ಒಣಗಿದ ಗಟ್ಟಿ ಸಮತಟ್ಟಾದ ರನ್‌ವೇ ಈ ಮೂರೂ ಇದ್ದಾಗ ಬಂದ ಅಂಕಿಗಳು. ಹತ್ತಾರು ವರ್ಷ ಓಡಿದ ಎಂಜಿನ್, ಅಂಚು ತಿಂದುಹೋದ ಪ್ರೊಪೆಲ್ಲರ್, ಬ್ರೇಕ್ ಬಿಡುವ ಮೊದಲು ಥ್ರಾಟಲ್ ಪೂರ್ತಿ ಕೊಡದ ಪೈಲಟ್ ಇವರಿಗೆ ಅದೇ ಅಂಕಿ ದಕ್ಕುವುದಿಲ್ಲ. ಕೋಷ್ಟಕಕ್ಕೆ ಹಾಕಬೇಕಾದ ತಾಪಮಾನದಲ್ಲೂ ಜನ ಎಡವುತ್ತಾರೆ: ಹವಾಮಾನ ವರದಿಯ ತಾಪಮಾನವನ್ನು ನೆರಳಿನಲ್ಲಿ ಅಳೆದಿರುತ್ತಾರೆ, ಡಾಂಬರಿನ ಮೇಲಿನ ಗಾಳಿ ಅದಕ್ಕಿಂತ ಬಿಸಿಯಾಗಿರುತ್ತದೆ. ಕೋಷ್ಟಕಕ್ಕೆ ಬೇಕಾದ ಒತ್ತಡದ ಎತ್ತರ (ಆ ಹೊತ್ತಿನ ಒತ್ತಡ ಪ್ರಮಾಣಿತ ವಾಯುಮಂಡಲದಲ್ಲಿ ಸಿಗುವ ಎತ್ತರ) ತಿಳಿಯಲು ಆಲ್ಟಿಮೀಟರ್‌ನ, ಅಂದರೆ ಎತ್ತರಮಾಪಕದ, ಕಿಟಕಿಯಲ್ಲಿ 1013 ಇಟ್ಟು ಓದಿದರಾಯಿತು. ಮುಗಿದ ಕೂಡಲೇ ಆ ದಿನದ ಒತ್ತಡಕ್ಕೆ ಹಿಂದಿರುಗಿಸಬೇಕು. ಒತ್ತಡ ಹತ್ತು ಹೆಕ್ಟೊಪಾಸ್ಕಲ್ ಕಡಿಮೆಯಿದ್ದರೆ ಎತ್ತರ ಸುಮಾರು 300 ಅಡಿ ಹೆಚ್ಚಾಗಿ ಬರುತ್ತದೆ.

ಬ್ರಿಟನ್ನಿನ ನಾಗರಿಕ ವಿಮಾನಯಾನ ಪ್ರಾಧಿಕಾರವು ಸಣ್ಣ ವಿಮಾನಗಳ ಪೈಲಟ್‌ಗಳಿಗೆ ಕೊಟ್ಟಿರುವ ಗುಣಕಗಳು ಈ ವಿಷಯದಲ್ಲಿ ನನಗೆ ಬಹಳ ಉಪಯುಕ್ತವಾಗಿ ಕಂಡಿವೆ. ಮೈದಾನ 1,000 ಅಡಿ ಎತ್ತರವಾದಂತೆಲ್ಲ ದೂರವನ್ನು 1.1ರಿಂದ ಗುಣಿಸಬೇಕು, ತಾಪಮಾನ 10 ಡಿಗ್ರಿ ಹೆಚ್ಚಿದರೆ ಮತ್ತೆ 1.1, ತೂಕ ಶೇಕಡ 10ರಷ್ಟು ಹೆಚ್ಚಿದರೆ 1.2, ಒಣ ಹುಲ್ಲಿನ ಮೈದಾನಕ್ಕೆ 1.2, ಒದ್ದೆ ಹುಲ್ಲಿಗೆ 1.3, ನೂರಕ್ಕೆ ಎರಡರಷ್ಟು ಇಳಿಜಾರಿನಲ್ಲಿ ಏರುಮುಖವಾಗಿ ಓಡುವುದಾದರೆ 1.1, ಎಲ್ಲ ಮುಗಿದ ಮೇಲೆ ಸುರಕ್ಷತೆಗಾಗಿ ಮತ್ತೊಮ್ಮೆ 1.33. ಇವುಗಳನ್ನು ಕೂಡಿಸುವಂತಿಲ್ಲ, ಒಂದರ ಮೇಲೊಂದು ಗುಣಿಸಬೇಕು, ಮತ್ತು ಗುಣಾಕಾರದ ಫಲ ಹೇಗಿರುತ್ತದೆಂಬುದನ್ನು ನಮ್ಮ ಮನಸ್ಸು ಸರಿಯಾಗಿ ಊಹಿಸಲಾರದು. ಸಮುದ್ರಮಟ್ಟದಲ್ಲಿ 50 ಅಡಿ ಮೇಲೇರುವವರೆಗೆ 450 ಮೀಟರ್ ಬೇಕಾಗುವ ವಿಮಾನವನ್ನು ಮೊದಲ ಪ್ರಶ್ನೆಯ ಮಧ್ಯಾಹ್ನಕ್ಕೆ ಒಯ್ಯೋಣ. ಐದು ಸಾವಿರ ಅಡಿಗೆ 1.61, ಮೂವತ್ತು ಡಿಗ್ರಿಗೆ 1.33: ದೂರ 965 ಮೀಟರ್ ಆಯಿತು. ಮೈದಾನ ಒಣ ಹುಲ್ಲಿನದಾದರೆ 1,158. ಸುರಕ್ಷತೆಯ ಗುಣಕ ಸೇರಿದರೆ 1,540. ನಾನೂರೈವತ್ತು ಮೀಟರಿನ ವಿಮಾನಕ್ಕೆ ಒಂದೂವರೆ ಕಿಲೋಮೀಟರ್! ಕೈಪಿಡಿಯ ಕೋಷ್ಟಕದಲ್ಲಿ ಎತ್ತರವನ್ನೂ ತಾಪಮಾನವನ್ನೂ ಈಗಾಗಲೇ ಲೆಕ್ಕಕ್ಕೆ ತೆಗೆದುಕೊಂಡಿದ್ದರೆ ಆ ಎರಡು ಗುಣಕಗಳನ್ನು ಮತ್ತೆ ಹಾಕಬೇಕಾಗಿಲ್ಲ, ಉಳಿದವನ್ನು ಹಾಕಬೇಕು.

ಗಾಳಿಯ ದಿಕ್ಕಿನ ಬಗ್ಗೆ ಸೆಸ್ನಾ ಕೈಪಿಡಿಯ ಒಂದು ಸಾಲನ್ನು ಪ್ರತಿಯೊಬ್ಬ ವಿದ್ಯಾರ್ಥಿಗೂ ತೋರಿಸಬೇಕೆಂಬ ಆಸೆ ನನಗೆ. ಎದುರುಗಾಳಿ 9 ನಾಟ್ ಇದ್ದರೆ ದೂರದಲ್ಲಿ ಶೇಕಡ 10 ಕಳೆಯಬಹುದು. ಹಿಂಗಾಳಿಯಾದರೆ 2 ನಾಟ್‌ಗೇ ಶೇಕಡ 10 ಕೂಡಿಸಬೇಕು. ಗಾಳಿಚೀಲ ಅಲುಗಾಡುವುದೂ ಕಾಣದಷ್ಟು ಸಣ್ಣ ಹಿಂಗಾಳಿ ಅಷ್ಟು ದೊಡ್ಡ ದಂಡ ವಿಧಿಸುತ್ತದೆ.

ಇಷ್ಟಾದ ಮೇಲೂ ಲೆಕ್ಕ ತಪ್ಪಿರಬಹುದು, ಆದ್ದರಿಂದ ಓಟದ ನಡುವೆ ಪರೀಕ್ಷಿಸಲು ಒಂದು ಗುರುತು ಬೇಕು. ರನ್‌ವೇಯ ಅರ್ಧಕ್ಕೆ ಬರುವಷ್ಟರಲ್ಲಿ ಮೇಲೇಳುವ ವೇಗದ ಶೇಕಡ 70 ಬಂದಿರದಿದ್ದರೆ ಥ್ರಾಟಲ್ ಹಿಂದಕ್ಕೆಳೆದು ನಿಲ್ಲಿಸಬೇಕೆಂಬ ನಿಯಮ ಬೆಟ್ಟದ ನಾಡುಗಳ ಪೈಲಟ್‌ಗಳಲ್ಲಿ ಬಳಕೆಯಲ್ಲಿದೆ. ಅದರ ಹಿಂದಿರುವುದು ಶಾಲೆಯಲ್ಲಿ ಕಲಿತ ಗಣಿತವೇ: ವೇಗೋತ್ಕರ್ಷ ಸಮನಾಗಿದ್ದರೆ ದೂರ ವೇಗದ ವರ್ಗಕ್ಕೆ ಅನುಗುಣ, 0.7ರ ವರ್ಗ 0.49. ಅರ್ಧ ದೂರದಲ್ಲಿ ಶೇಕಡ 70 ಬಂದಿದ್ದರೆ ಪೂರ್ಣ ದೂರದಲ್ಲಿ ಪೂರ್ಣ ವೇಗ ಬರುತ್ತದೆ. ಆದರೆ ಪ್ರೊಪೆಲ್ಲರ್ ವಿಮಾನದಲ್ಲಿ ವೇಗ ಹೆಚ್ಚಿದಂತೆ ವೇಗೋತ್ಕರ್ಷ ಇಳಿಯುತ್ತ ಹೋಗುವುದರಿಂದ ಈ ನಿಯಮ ಸ್ವಲ್ಪ ಉದಾರವಾದದ್ದೇ. ಇದು ರನ್‌ವೇಯ ಕೊನೆಯಲ್ಲಿ ನೆಲ ಬಿಡುವ ಭರವಸೆ ಮಾತ್ರ ಕೊಡುತ್ತದೆ, ಅದರಾಚೆಯ ಮರವನ್ನು ದಾಟುವ ಭರವಸೆಯನ್ನಲ್ಲ. ಎದುರಿಗೆ ಅಡೆತಡೆ ಇದ್ದರೆ ಗುರುತನ್ನು ಅರ್ಧಕ್ಕಿಂತ ಹಿಂದೆಯೇ ಇಟ್ಟುಕೊಳ್ಳಿ. 55 ನಾಟ್‌ಗೆ ಎತ್ತುವ ವಿಮಾನಕ್ಕೆ ಆ ಸಂಖ್ಯೆ 39. ಯಾವ ದೀಪದ ಹತ್ತಿರ, ಯಾವ ದಾರಿಯ ತಿರುವಿನ ಹತ್ತಿರ 39 ಕಾಣಬೇಕೆಂಬುದನ್ನು ಹೊರಡುವ ಮುನ್ನವೇ ಬಾಯಿಬಿಟ್ಟು ಹೇಳಿಕೊಳ್ಳಬೇಕು. ಓಡುತ್ತಿರುವಾಗ ಹೊಸದಾಗಿ ಯೋಚಿಸಿ ತೀರ್ಮಾನಿಸುವಷ್ಟು ಬಿಡುವು ಇರುವುದಿಲ್ಲ.

ಪ್ರಶ್ನೆ: ಸಾಂದ್ರತಾ ಎತ್ತರದ ಸೂತ್ರದಲ್ಲಿ ಗಾಳಿಯ ತೇವಾಂಶ ಬರುವುದೇ ಇಲ್ಲ. ತೇವವಿದ್ದರೆ ಗಾಳಿ ಭಾರವಾಗಬೇಕಲ್ಲವೇ?

ಉತ್ತರ: ಹಗುರವಾಗುತ್ತದೆ. ನೀರಿನ ಅಣುವಿನ ತೂಕ 18, ಒಣ ಗಾಳಿಯ ಸರಾಸರಿ ತೂಕ 29. ನೀರಾವಿ ಬಂದಷ್ಟೂ ಭಾರದ ಅಣುಗಳ ಜಾಗದಲ್ಲಿ ಹಗುರ ಅಣುಗಳು ಕೂರುತ್ತವೆ. ಸಮುದ್ರಮಟ್ಟದಲ್ಲಿ 35 ಡಿಗ್ರಿಯಲ್ಲಿ ಗಾಳಿ ಪೂರ್ತಿ ತೇವದಿಂದ ತುಂಬಿದ್ದರೆ ಸಾಂದ್ರತೆ ಶೇಕಡ 2ರಷ್ಟು ಇಳಿಯುತ್ತದೆ, ಅಂದರೆ ಇನ್ನೊಂದು 700 ಅಡಿ ಸೇರಿದಂತೆ. ಎಂಜಿನ್‌ಗೆ ಆಗುವ ನಷ್ಟ ಇದಕ್ಕಿಂತ ಹೆಚ್ಚು, ಏಕೆಂದರೆ ನೀರಾವಿ ಆಕ್ರಮಿಸಿದ್ದು ಆಮ್ಲಜನಕದ ಜಾಗವನ್ನೂ ಹೌದು. ತಂಪು ಹವೆಯಲ್ಲಿ ಇದನ್ನು ಮರೆತರೂ ನಡೆದೀತು. ಬಿಸಿ ಮತ್ತು ತೇವ ಎರಡೂ ಸೇರಿದ ದಿನ ಮರೆಯಬಾರದು.

ಪ್ರಶ್ನೆ: ನಾನು ಪೈಲಟ್ ಅಲ್ಲ, ಪ್ರಯಾಣಿಕ. ಎತ್ತರದ ಮೈದಾನವೊಂದರಿಂದ ನಾವು ಮೂವರು ಬಾಡಿಗೆಯ ಸಣ್ಣ ವಿಮಾನದಲ್ಲಿ ಹೊರಡಬೇಕಿತ್ತು. ಮಧ್ಯಾಹ್ನವಾಗಿತ್ತು. ಪೈಲಟ್ ನಮ್ಮಲ್ಲಿ ಒಬ್ಬರನ್ನು ಮಾತ್ರ ಕರೆದೊಯ್ಯುವುದಾಗಿಯೂ ಉಳಿದಿಬ್ಬರನ್ನು ಸಾಮಾನಿನೊಂದಿಗೆ ಎರಡನೆಯ ಸರದಿಯಲ್ಲಿ, ಮಾರನೆಯ ಬೆಳಿಗ್ಗೆ ಕರೆದೊಯ್ಯುವುದಾಗಿಯೂ ಹೇಳಿದರು. ನಾಲ್ಕು ಸೀಟಿನ ವಿಮಾನದಲ್ಲಿ ಎರಡು ಖಾಲಿ ಇಟ್ಟುಕೊಂಡು ಹೋಗುವುದಕ್ಕೆ ಅರ್ಥವಿದೆಯೇ?

ಉತ್ತರ: ಆ ಪೈಲಟ್‌ರನ್ನು ಎಂದಾದರೂ ಮತ್ತೆ ಭೇಟಿಯಾದರೆ ನನ್ನ ನಮಸ್ಕಾರ ತಿಳಿಸಿ. ನಾಲ್ಕು ಸೀಟುಗಳಿವೆ ಎಂಬುದು ನಾಲ್ಕು ಜನ ಕೂರಬಹುದೆಂಬ ಮಾತೇ ಹೊರತು ಪ್ರತಿಯೊಂದು ಮೈದಾನದಿಂದ, ಪ್ರತಿಯೊಂದು ಹೊತ್ತಿನಲ್ಲಿ ನಾಲ್ವರನ್ನು ಎತ್ತಬಹುದೆಂಬ ಮಾತಲ್ಲ. ಮೇಲೆ ಉದಾಹರಣೆಗೆ ತೆಗೆದುಕೊಂಡ ಸೆಸ್ನಾ 172ಎನ್ ವಿಮಾನದ ಗರಿಷ್ಠ ತೂಕ 1,043 ಕಿಲೋಗ್ರಾಂ. ತಲಾ 70 ಕಿಲೋಗ್ರಾಂನ ಇಬ್ಬರು, ಅವರ 20 ಕಿಲೋಗ್ರಾಂ ಸಾಮಾನು ಇವನ್ನು ಕೆಳಗಿಟ್ಟರೆ ಶೇಕಡ 15ರಷ್ಟು ತೂಕ ಇಳಿಯಿತು. ಟೇಕಾಫ್ ದೂರ ಹೆಚ್ಚುಕಡಿಮೆ ತೂಕದ ವರ್ಗಕ್ಕೆ ಅನುಗುಣವಾಗಿ ಬದಲಾಗುವುದರಿಂದ ದೂರ ಕಾಲು ಭಾಗಕ್ಕಿಂತ ಹೆಚ್ಚೇ ಕಡಿಮೆಯಾಗುತ್ತದೆ, ಏರಿಕೆಯೂ ಗಮನಾರ್ಹವಾಗಿ ಸುಧಾರಿಸುತ್ತದೆ. ಇಂಧನದ ವಿಷಯವೂ ಹೀಗೆಯೇ: 100 ಲೀಟರ್ ಪೆಟ್ರೋಲಿನ ತೂಕ 72 ಕಿಲೋಗ್ರಾಂ, ಒಬ್ಬ ಮನುಷ್ಯನಷ್ಟು. ಹತ್ತಿರದ ತಗ್ಗಿನ ಮೈದಾನದಲ್ಲಿ ಇಂಧನ ಸಿಗುವುದಾದರೆ ಅಲ್ಲಿಗೆ ಸಾಲುವಷ್ಟನ್ನು ಮೀಸಲಿನೊಂದಿಗೆ ತುಂಬಿಸಿಕೊಂಡು ಹೊರಡುವುದು ಜಾಣತನ. ಇನ್ನುಳಿದವರನ್ನು ಬೆಳಗಿನ ತಂಪಿಗೆ ಕಾಯಿಸಿದ್ದರ ಕಾರಣ ಮೊದಲ ಉತ್ತರದ 2,700 ಅಡಿಯಲ್ಲಿದೆ.

1996ರ ಏಪ್ರಿಲ್ 11ರಂದು ಅಮೆರಿಕದ ಶೈಯೆನ್ ನಗರದ ನಿಲ್ದಾಣದಿಂದ, 6,100 ಅಡಿಗೂ ಹೆಚ್ಚು ಎತ್ತರದಿಂದ, ಏಳು ವರ್ಷದ ಬಾಲಕಿಯೂ ಸೇರಿ ಮೂವರನ್ನು ಹೊತ್ತು ಹೊರಟ ಸಣ್ಣ ಸೆಸ್ನಾ ವಿಮಾನ ಎದ್ದ ಸ್ವಲ್ಪ ಹೊತ್ತಿಗೇ ಸ್ಟಾಲ್ ಆಗಿ ಬಿದ್ದು ಮೂವರೂ ತೀರಿಕೊಂಡರು. ಬಿರುಗಾಳಿಯ ಮಳೆ ಎದುರಿಗಿತ್ತು. ತನಿಖೆ ನಡೆಸಿದ ಅಲ್ಲಿನ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯು ಕೆಟ್ಟ ಹವೆಯಲ್ಲಿ ಹೊರಟ ನಿರ್ಧಾರದ ಜೊತೆಗೆ ಇನ್ನೆರಡು ಸಂಗತಿಗಳನ್ನು ಹೆಸರಿಸಿತು: ವಿಮಾನದ ತೂಕ ಮಿತಿಯನ್ನು ಮೀರಿತ್ತು, ಮತ್ತು ಸಾಂದ್ರತಾ ಎತ್ತರವು ಪೈಲಟ್‌ಗೆ ರೂಢಿಯಿದ್ದುದಕ್ಕಿಂತ ಹೆಚ್ಚಾಗಿತ್ತು. ಅಂದು ಸೆಕೆ ಇರಲಿಲ್ಲ, ತಂಪಿತ್ತು. ಸಾಂದ್ರತಾ ಎತ್ತರವನ್ನು ಅಷ್ಟಕ್ಕೆ ಏರಿಸಲು ಮೈದಾನದ ಎತ್ತರವೇ ಸಾಕಾಯಿತು.

ಪ್ರಶ್ನೆ: ಕಣಿವೆಯೊಳಗಿನ ಮೈದಾನದಲ್ಲಿ ಇಳಿಯಲು ಸಾಧ್ಯವಾದರೆ ಅಲ್ಲಿಂದ ಹೊರಡಲೂ ಸಾಧ್ಯವೇ? ಕಣಿವೆ ಇಕ್ಕಟ್ಟಾದರೆ ತಿರುಗಿ ಬರಬಹುದೇ?

ಉತ್ತರ: ಸಾಧ್ಯವೆಂದು ಭಾವಿಸಬೇಡಿ. ಇಳಿಯುವಾಗಲೂ ನಿಜವೇಗ ಹೆಚ್ಚಿರುವುದರಿಂದ ನಿಲ್ಲುವ ದೂರ ಉದ್ದವಾಗುತ್ತದೆ, ಆದರೆ ಎಂಜಿನ್ ಶಕ್ತಿಯ ಕೊರತೆ ಅಲ್ಲಿ ಅಡ್ಡಬರುವುದಿಲ್ಲ. ಹೊರಡುವಾಗ ಎರಡೂ ಸೇರಿಕೊಳ್ಳುತ್ತವೆ. ಬೆಳಿಗ್ಗೆ ಸುಲಭವಾಗಿ ಇಳಿದ ಮೈದಾನದಿಂದ ಮಧ್ಯಾಹ್ನ ಹೊರಡಲಾಗದೆ ಸಂಜೆಯವರೆಗೆ ಕಾಯಬೇಕಾಗುವುದು ಅಸಹಜವೇನಲ್ಲ. ಇಳಿಯುವ ಮೊದಲೇ ಹೊರಡುವ ಲೆಕ್ಕವನ್ನು ಮಾಡಿಟ್ಟುಕೊಂಡಿರಬೇಕು.

ತಿರುವಿನ ವಿಷಯದಲ್ಲಿ ಒಂದು ಅಂಕಿಯನ್ನು ನೆನಪಿಡಿ. 30 ಡಿಗ್ರಿ ಓರೆಯಾಗಿ 70 ನಾಟ್‌ನಲ್ಲಿ ತಿರುಗುವ ವಿಮಾನಕ್ಕೆ ಸಮುದ್ರಮಟ್ಟದಲ್ಲಿ ಪೂರ್ತಿ ಹಿಂದಿರುಗಲು ಸುಮಾರು 460 ಮೀಟರ್ ಅಗಲ ಬೇಕು. ಮುಳ್ಳು ಅದೇ 70 ತೋರಿದರೂ 8,600 ಅಡಿಯ ಗಾಳಿಯಲ್ಲಿ ಅದೇ ತಿರುವಿಗೆ ಬೇಕಾಗುವುದು ಸುಮಾರು 595 ಮೀಟರ್. ಅಲ್ಲಿ ಹೆಚ್ಚು ಓರೆಯಾಗಿ ತಿರುಗಿ ಜಾಗ ಉಳಿಸೋಣವೆಂದರೆ ಸ್ಟಾಲ್ ಆಗುವ ವೇಗ ಏರುತ್ತದೆ, ತಿರುವಿನಲ್ಲಿ ಎತ್ತರವನ್ನು ಕಾಯ್ದುಕೊಳ್ಳಲು ಬೇಕಾದ ಹೆಚ್ಚುವರಿ ಶಕ್ತಿ ಎಂಜಿನ್‌ನಲ್ಲಿ ಇರುವುದಿಲ್ಲ. ಆದ್ದರಿಂದ ಕಣಿವೆಯ ನಟ್ಟನಡುವೆ ಹಾರದೆ ಒಂದು ಪಕ್ಕಕ್ಕೆ ಸರಿದು ಹಾರಬೇಕು, ಅದೂ ಗಾಳಿ ಬೆಟ್ಟಕ್ಕೆ ಬಡಿದು ಮೇಲೇರುವ ಪಕ್ಕಕ್ಕೆ, ತಿರುಗಲು ಪೂರ್ತಿ ಅಗಲ ಎದುರಿಗೆ ಉಳಿದಿರುವಾಗಲೇ.